ಆಕೆಯ ಉಸಿರಿಗೆ ಬರೆದ ಮಾತು

ನನ್ನ ಹೆಂಡತಿಗೆ ಒಂದು ಮಾತನ್ನು ಪೂರ್ತಿ ಹೇಳಲು ಆಗುತ್ತಿಲ್ಲ ಎಂಬುದು ನಮಗೆ ಮೊದಲು ಗೊತ್ತಾದದ್ದು ತಾಲೀಮಿನಲ್ಲಿ. ನಾನು ಬರೆದ ಹಳೆಯ ನಾಟಕವೊಂದರಲ್ಲಿ ಆಕೆಗೆ ಉದ್ದನೆಯ ಸಂಭಾಷಣೆ ಇತ್ತು. ವರ್ಷಗಟ್ಟಲೆ ಅದನ್ನು ಒಂದೇ ಉಸಿರಿನಲ್ಲಿ ಹೇಳಿ, ಕೊನೆಯ ಶಬ್ದವನ್ನು ಹಿಂದಿನ ಸಾಲಿನವರಿಗೂ ಮುಟ್ಟಿಸಿ, ಆಮೇಲೆ ಸಾವಕಾಶವಾಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆ ದಿನ ನಡುವೆ ನಿಂತಳು. ಮತ್ತೆ ಮೊದಲಿಂದ ಶುರು ಮಾಡಿದಳು. ಮತ್ತೆ ಅಲ್ಲಿಯೇ ನಿಂತಳು.

"ಗಂಟಲದಾಗ ಏನೋ ಸಿಕ್ಕಂಗ ಆಗ್ಯಾದ" ಎಂದಳು.

ಬಣ್ಣ ಹಚ್ಚುವವರು ಏನೇ ಆದರೂ ಮೊದಲು ಗಂಟಲಿನ ಮೇಲೆ ಹಾಕುತ್ತಾರೆ. ಬಿಸಿನೀರು, ಜೇನುತುಪ್ಪ, ಕಲ್ಲುಸಕ್ಕರೆ ಎಲ್ಲ ಆಯಿತು. ಕೊನೆಗೆ ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಎಂದರು. ವಾಸಿ ಮಾಡಲಾಗದು, ನಿಧಾನ ಮಾಡಬಹುದು. ಮಾತು ಕಡಿಮೆ ಮಾಡಬೇಕು.

"ಮಾತ ನಮ್ ಕಸುಬು ಅದರೀ ಡಾಕ್ಟರೇ" ಎಂದು ಆಕೆ ನನ್ನ ಕಡೆ ಕೈ ಮಾಡಿದಳು. "ಇವ್ರಿಗೆ ಹೇಳ್ರಿ. ಬರಿಯೋರು ಇವ್ರು."

ಅದನ್ನು ತಮಾಷೆಗೆ ಹೇಳಿದ್ದಳು. ಆದರೆ ಮುಂದೆ ನಾನು ಮಾಡಿದ್ದು ಅದನ್ನೇ. ನಾಟಕ ಬಿಟ್ಟು ಮನೆಯಲ್ಲಿ ಕೂಡುವುದು ಆಕೆಯ ಮನಸ್ಸಿನಲ್ಲಿರಲಿಲ್ಲ. ಹಾಗಾಗಿ ಆಕೆಯ ಉಸಿರಿಗೆ ಹೊಂದುವಂಥ ಒಂದು ಹೊಸ ನಾಟಕ ಬರೆಯಲು ಕುಳಿತೆ.

ಕಲಬುರಗಿಯ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂಜಾನೆ ಗುಡಿಯ ಗದ್ದಲ ಇಳಿದ ಮೇಲೆ ಆಕೆ ಹೊರಸಿನ ಮೇಲೆ ಕೂಡುತ್ತಿದ್ದಳು, ನಾನು ಎದುರಿಗೆ. ಒಂದು ಮಾತು ಬರೆದು ಓದಿ ಹೇಳುತ್ತಿದ್ದೆ, ಆಕೆ ಅದನ್ನು ತನ್ನ ಬಾಯಲ್ಲಿ ಹೇಳಿ ನೋಡುತ್ತಿದ್ದಳು. ಮಾತಿನ ನಡುವೆ ಭುಜ ಮೇಲೇರಿತೆಂದರೆ ಆ ಮಾತು ಉದ್ದವಾಯಿತೆಂದು ಅರ್ಥ. ಅಲ್ಲಿ ತುಂಡರಿಸುತ್ತಿದ್ದೆ. ನಮ್ಮ ಭಾಷೆಯಲ್ಲಿ ಮಾತಿನ ತೂಕವೆಲ್ಲ ಕೊನೆಗೆ ಬೀಳುತ್ತದೆ, ಉಸಿರು ಕಡಿಮೆಯಾದವರಿಗೆ ಅದೇ ಕಷ್ಟ. ಹಾಗಾಗಿ ತೂಕದ ಶಬ್ದವನ್ನು ಮುಂದಕ್ಕೆ ತಂದೆ. "ನಾ ಇಲ್ಲಿಂದನ ಅವ್ವನ ಮುಖ ನೋಡಿ ಹೋಗ್ತೀನಿ" ಎಂದಿದ್ದದ್ದು "ನೋಡ್ತೀನಿ. ಇಲ್ಲಿಂದನ. ಅವ್ವನ ಮುಖ" ಎಂದಾಯಿತು. ಇಡೀ ಪಾತ್ರವನ್ನು ಹೀಗೆ ಕಟ್ಟಿದೆವು.

ನಾಟಕದ ಕಥೆ ಸಣ್ಣದು. ನಾಟಕಕ್ಕೆ ಸೇರಿದಳೆಂದು ತವರುಮನೆಯವರು ಬಿಟ್ಟುಬಿಟ್ಟ ತಂಗಿ, ಕಣ್ಣು ಕಾಣದ ತಾಯಿಯನ್ನು ನೋಡಲು ಅಣ್ಣನ ಬಾಗಿಲಿಗೆ ಬರುತ್ತಾಳೆ. ಅಣ್ಣ ನಾನು. ಕೊನೆಯ ಅಂಕವೆಲ್ಲ ಹೊಸ್ತಿಲಿನ ಆಚೆ ಈಚೆ ನಡೆಯುತ್ತದೆ.

ಪೇಟಿ ಮಾಸ್ತರು ನಮ್ಮ ಜೊತೆ ಬಹಳ ಕಾಲದಿಂದ ಹಾರ್ಮೋನಿಯಂ ನುಡಿಸಿದವರು, ವಯಸ್ಸಾದ ಮನುಷ್ಯ. ಆಕೆ ಉಸಿರಿಗೆ ನಿಲ್ಲುವ ಕಡೆಯಲ್ಲೆಲ್ಲ ಅವರು ಸಣ್ಣಗೆ ಒಂದು ಸುರ ಹಿಡಿಯುತ್ತಿದ್ದರು. ನೋಡುವವರಿಗೆ ಅಲ್ಲಿ ಉಸಿರು ಕೇಳುತ್ತಿರಲಿಲ್ಲ, ಸಂಗೀತ ಕೇಳುತ್ತಿತ್ತು. ಆಳಂದ, ಚಿಂಚೋಳಿಗಳಲ್ಲಿ, ಮತ್ತೆ ಕಲಬುರಗಿಯಲ್ಲೇ ಎರಡು ಮೂರು ಸಲ ಪ್ರಯೋಗಗಳಾದವು. ಎಷ್ಟು ಹಿಡಿತದ ಅಭಿನಯ ಎಂದು ಜನ ಹೊಗಳಿದರು. ಆಕೆ ಮನೆಗೆ ಬಂದು ಅದನ್ನು ನೆನೆಸಿಕೊಂಡು ನಗುತ್ತಿದ್ದಳು, ನಗು ಕೆಮ್ಮಾಗುತ್ತಿತ್ತು.

ಆಕೆಯ ತವರು ಕಮಲಾಪುರ. ನಾಟಕದ ಕಥೆಯಲ್ಲಿ ಎಷ್ಟು ನಿಜವಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಕೆಯ ತಂದೆ ಬದುಕಿರುವವರೆಗೆ ಆ ಊರಿನಲ್ಲಿ ಆಕೆ ಬಣ್ಣ ಹಚ್ಚುವಂತಿರಲಿಲ್ಲ. ಮನೆಯವರು ಯಾರೂ ಆಕೆಯ ನಾಟಕ ನೋಡುವಂತಿರಲಿಲ್ಲ. ತಂದೆ ತೀರಿದ ಮೇಲೆ ಆಕೆಯ ತಮ್ಮ ತಾನಾಗಿಯೇ ಬಂದು ನಾಟಕ ನೋಡಿ, ಊರಿನ ಹುಡುಗರನ್ನು ಕಟ್ಟಿಕೊಂಡು ಕಮಲಾಪುರದಲ್ಲಿ ಈ ನಾಟಕ ಆಡಿಸುತ್ತೇನೆ, ಅವ್ವನನ್ನು ಮುಂದಿನ ಸಾಲಿನಲ್ಲಿ ಕೂಡಿಸುತ್ತೇನೆ ಎಂದ. ತಾರೀಕು ಗೊತ್ತಾಯಿತು. ಆಕೆ ಒಂದು ಹೊಸ ಸೀರೆ ತೆಗೆಸಿದಳು.

ಆ ತಾರೀಕು ಬರುವುದರೊಳಗೆ ಆಕೆ ಹೋದಳು.

ಆಕೆಯ ಹೆಸರಿನ ಶಿವಗಣಾರಾಧನೆ ಮುಗಿದು ಬಂದವರೆಲ್ಲ ಎದ್ದ ಮೇಲೆ, ತಮ್ಮ ನನ್ನ ಪಕ್ಕ ಬಂದು ಕುಳಿತ.

"ಮಾವಾರ, ನಾಟಕ ನಿಲ್ಸೂದು ಬ್ಯಾಡ."

"ಆಕಿ ಪಾರ್ಟು ಯಾರ್ ಮಾಡ್ತಾರಪಾ?"

"ಯಾರರೆ ಮಾಡ್ಲಿ. ಖರೇ ಅಂದ್ರ ಅಕ್ಕ ಹ್ಯಾಂಗ ಮಾಡ್ತಿದ್ದಳೋ ಹಂಗ ಆಗ್ಬೇಕು. ಒಂದು ಮಾತೂ ಹೆಚ್ಚು ಕಮ್ಮಿ ಆಗಬಾರ್ದು. ಅವ್ವ ಇನ್ನಾ ನೋಡಿಲ್ಲ."

ಒಪ್ಪಿಕೊಂಡೆ. ಅವನಿಗಾಗಿ ಒಪ್ಪಿದೆ ಎಂದು ಆಗ ಅಂದುಕೊಂಡಿದ್ದೆ. ಆಕೆಯ ತವರೂರು ಆಕೆಯನ್ನು ಒಂದು ಸಲವಾದರೂ ವೇದಿಕೆಯ ಮೇಲೆ ನೋಡಬೇಕೆಂಬುದು ನನ್ನ ಆಸೆಯೂ ಆಗಿತ್ತು. ಆಕೆ ಇಲ್ಲ, ಆಕೆ ಮಾತಾಡುತ್ತಿದ್ದ ರೀತಿ ಇದೆ. ಅದನ್ನಾದರೂ ಅಲ್ಲಿಗೆ ಮುಟ್ಟಿಸೋಣ ಎಂದುಕೊಂಡೆ.

ಪಾತ್ರಕ್ಕೆ ಕೋಟನೂರಿನ ಒಬ್ಬ ನಟಿಯನ್ನು ಕೇಳಿದೆ. ಸಣ್ಣವಳಿದ್ದಾಗಿನಿಂದ ಹಳ್ಳಿ ಹಳ್ಳಿಯ ನಾಟಕಗಳಿಗೆ ಹೋದವಳು. ಮೈಕು ಕೈಕೊಟ್ಟರೂ ಆಕೆಯ ದನಿ ಕೈಕೊಡುವುದಿಲ್ಲ. ನಮ್ಮ ಕಡೆ ಹೆಣ್ಣು ಪಾತ್ರದವರು ಮಾತು ಬಾಯಿಪಾಠ ಮಾಡಿಕೊಂಡು ಒಂದೋ ಎರಡೋ ತಾಲೀಮಿಗೆ ಬಂದು ನೇರ ವೇದಿಕೆ ಹತ್ತುವುದು ರೂಢಿ. ಈಕೆ ಮಾತ್ರ, "ಅಕ್ಕಾರ ಪಾರ್ಟು ಅಂದ್ರ ನಾ ದಿನಾ ಬರ್ತೀನ್ರಿ ಸರ" ಎಂದಳು. ಸಂಜೆ ನಾನು, ಆಕೆ, ಪೇಟಿ ಮಾಸ್ತರು ಹುಮನಾಬಾದ್ ಕಡೆಯ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗತೊಡಗಿದೆವು. ತಮ್ಮನ ಬಾಳೆಹಣ್ಣಿನ ಶೆಡ್ಡಿನಲ್ಲಿ ತಾಲೀಮು. ಒಂದು ಬದಿಗೆ ಕೆಂಪು ಬಾಳೆಯ ಗೊನೆಗಳು, ಇನ್ನೊಂದು ಬದಿಗೆ ನಾವು. ಅಣ್ಣನ ಗೆಳೆಯನ ಪಾತ್ರಕ್ಕೆ, ಆ ಗೊನೆಗಳನ್ನು ಪೇಟೆಗೆ ಸಾಗಿಸುವ ಟೆಂಪೋ ಡ್ರೈವರನೇ ನಿಂತಿದ್ದ.

ಮೊದಲ ದಿನ ನೇರ ಕೊನೆಯ ಅಂಕಕ್ಕೆ ಕೈ ಹಾಕಿದೆವು. ಆಕೆ ಹೊಸ್ತಿಲೆಂದು ಎಳೆದ ಸುಣ್ಣದ ಗೆರೆಯ ಹತ್ತಿರ ನಿಂತು ಶುರು ಮಾಡಿದಳು.

"ಅಣ್ಣಾ. ತೆಗೀಬ್ಯಾಡ. ಬಾಗಿಲಾ."

ಪೇಟಿಯ ಸುರ ಬಂತು. ನಾನು ಸುಮ್ಮನಿದ್ದೆ. ಡ್ರೈವರನೂ ಸುಮ್ಮನಿದ್ದ, ನಮ್ಮ ನಾಟಕವನ್ನು ಆಳಂದದಲ್ಲಿ ನೋಡಿಕೊಂಡು ಬಂದಿದ್ದನಲ್ಲ. ಆಕೆ ಮುಂದಿನ ಮಾತು ಹೇಳಿದಳು. ಮತ್ತೆ ಸುರ, ಮತ್ತೆ ನಾವು ಸುಮ್ಮನೆ. ಆಕೆ ಪಾತ್ರ ಬಿಟ್ಟು ನಮ್ಮನ್ನೆಲ್ಲ ನೋಡಿದಳು.

"ಯಾಕ್ರಿ, ಎಲ್ಲಾರೂ ಗಪ್ ಆಗ್ತೀರಿ? ನನ್ ಮಾತು ತಪ್ಪಾಕತ್ತದೇನು?"

ಡ್ರೈವರ್, "ಇಲ್ರಿ ಅಕ್ಕಾರ, ನಾವು ಸಿಗ್ನಲ್‌ಗೆ ನಿಂತೀವಿ. ನಿಮ್ ಗಾಡಿಗೆ ಹಸಿರು ಬಿದ್ದದ, ನೀವು ಹೋಗ್ರಿ" ಎಂದ. ನಕ್ಕೆವು. ನಕ್ಕ ಮೇಲೆ ತಿಳಿಯಿತು. ಈಕೆಗೆ ಬೇಕಿಲ್ಲದ ಉಸಿರಿಗೆ ನಾವೆಲ್ಲ ಜಾಗ ಬಿಟ್ಟು ಕಾಯುತ್ತಿದ್ದೆವು.

ಪೇಟಿ ಮಾಸ್ತರಿಗೆ ಅಲ್ಲಿ ಸುರ ಹಿಡಿಯಬೇಡಿ ಎಂದೆ. ಹೂಂ ಎಂದರು. ಮರುಕ್ಷಣ ಹಿಡಿದರು. "ಕ್ಯಾ ಕರೂ ಸಾಬ್, ಕೈ ತಾನಾ ಹೋಗ್ತದ" ಎಂದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಆಮೇಲೆ ನಾನು ಬೇರೆ ದಾರಿ ಹಿಡಿದೆ. ಮಾತು ತುಂಡಾಗಿದ್ದರೆ ಉಸಿರೂ ತುಂಡಾಗಿರಬೇಕಲ್ಲ. ಆಕೆಗೆ ಉಸಿರು ಕಲಿಸತೊಡಗಿದೆ. ಇಲ್ಲಿ ನಿಲ್ಲು. ಇಲ್ಲಿ ಬಲಗೈಯಿಂದ ಗೋಡೆ ಹಿಡಿ. ಇಲ್ಲಿ ಬಾಯಿ ಮುಚ್ಚಿಕೊಂಡೇ ಉಸಿರೆಳೆ, ಎಳೆದದ್ದು ಕಾಣಬಾರದು. ಈಕೆ ಕಸುಬು ಗೊತ್ತಿದ್ದವಳು, ನಾಲ್ಕೈದು ಸಂಜೆಗಳಲ್ಲಿ ಎಲ್ಲ ಹಿಡಿದುಕೊಂಡಳು. ಭುಜ ಏರುವ ರೀತಿ ಕೂಡ ಬಂತು. ನೋಡಿದರೆ ರೋಗಿಯೊಬ್ಬಳ ಅಣಕದ ಹಾಗಿತ್ತು. ನನ್ನ ಹೆಂಡತಿ ರೋಗವನ್ನು ಮುಚ್ಚಿಡಲು ಮಾಡುತ್ತಿದ್ದದ್ದನ್ನೆಲ್ಲ ನಾನು ಈಕೆಯ ಕೈಯಲ್ಲಿ ತೆರೆದು ತೋರಿಸುತ್ತಿದ್ದೆ. ಒಂದು ಸಂಜೆ ನೋಡುತ್ತ ನಿಂತಿದ್ದ ತಮ್ಮ, ಗೊನೆಗಳ ಸಂದಿಗೆ ಹೋಗಿ ಬೆನ್ನು ಮಾಡಿ ನಿಂತ. ತಾಲೀಮು ಮುಗಿದ ಮೇಲೆ, "ಹೀಂಗ ಇತ್ತಲ್ಲ ಮಾವಾರ. ಆದ್ರೂ ಹೀಂಗ ಇರಲಿಲ್ಲ" ಎಂದಷ್ಟೇ ಹೇಳಿದ.

ಮರುದಿನ ನಟಿ ಅರ್ಧಕ್ಕೇ ತಲೆ ತಿರುಗಿ ಖಾಲಿ ಕ್ರೇಟಿನ ಮೇಲೆ ಕುಳಿತಳು. ನೀರು ಕುಡಿದು ಹೇಳಿದಳು: "ಸರ, ಉಸುರು ಇಲ್ದಾಗ ಮಾತಾಡೂದು ಅಕ್ಕಾರಿಗೆ ಎಷ್ಟ್ ತ್ರಾಸ ಇತ್ತೋ ನನಗ ಗೊತ್ತಿಲ್ಲ. ಉಸುರು ಇದ್ದೂ ಇಲ್ದಂಗ ಮಾಡೂದೂ ಭಾಳ ತ್ರಾಸ ಅದರೀ."

"ರೂಢಿ ಆಗ್ತದ ತಂಗಿ" ಎಂದೆ. ನಾನು ಇನ್ನೂ ಬಿಟ್ಟಿರಲಿಲ್ಲ.

ಆ ವಾರ ಬೆಂಗಳೂರಿಗೆ ಹೋಗಬೇಕಾಯಿತು. ನಾನು ಸಿನಿಮಾ, ಧಾರಾವಾಹಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುವವನು: ಹುಡುಗಿಯ ತಂದೆ, ಪಂಚಾಯಿತಿಯ ಹಿರಿಯ, ಒಮ್ಮೊಮ್ಮೆ ಜಡ್ಜು. ಈ ಸಲ ಕರೆದದ್ದು ಮುಖಕ್ಕಲ್ಲ, ದನಿಗೆ. ನಮ್ಮ ಸೀಮೆಯ ರೈತನ ಪಾತ್ರವನ್ನು ಬೇರೆ ಕಡೆಯ ಒಬ್ಬ ಹಿರಿಯ ನಟರು ಮಾಡಿದ್ದರು. ಅವರ ಬಾಯಲ್ಲಿ ನಮ್ಮ ಮಾತು ಕೂಡಿರಲಿಲ್ಲ. ಅವರ ಮುಖಕ್ಕೆ ನನ್ನ ದನಿ ಕೊಡಬೇಕಾಗಿತ್ತು.

ಡಬ್ಬಿಂಗ್ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು, ಮುಂದೆ ಪರದೆ. ಒಂದು ತುಣುಕನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಪರದೆಯ ಮೇಲಿನ ತುಟಿ ತೆರೆದಾಗ ನಮ್ಮ ಮಾತು ಹುಟ್ಟಬೇಕು, ಮುಚ್ಚಿದಾಗ ಮುಗಿಯಬೇಕು. ಆ ಹಿರಿಯರು ಪ್ರತಿ ಎರಡು ಶಬ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದರು, ವಯಸ್ಸಿಗೋ, ಬಿಸಿಲಿನಲ್ಲಿ ಚಿತ್ರೀಕರಿಸಿದ್ದಕ್ಕೋ. ನಾನೂ ಅಲ್ಲಲ್ಲಿಯೇ ಎಳೆಯಬೇಕು. ಗಾಜಿನ ಆಚೆ ಕುಳಿತ ಇಂಜಿನಿಯರು ಮತ್ತೆ ಮತ್ತೆ ತಡೆಯುತ್ತಿದ್ದ.

"ಸರ್, ಅವರ ಬಾಯಿ ಮುಚ್ಚಿದೆ, ನೀವು ಇನ್ನೂ ಮಾತಾಡ್ತಿದೀರ. ಅಲ್ಲಿ ಬ್ರೀತ್ ತಗೊಳ್ಳಿ."

"ನನಗೆ ಅಲ್ಲಿ ಉಸಿರು ಬೇಕಾಗಿಲ್ಲಪ್ಪ."

"ನಿಮಗೆ ಬೇಡ ಸರ್, ಅವರಿಗೆ ಬೇಕು."

ಊಟದ ಹೊತ್ತಿಗೆ ಪಕ್ಕೆ ನೋಯತೊಡಗಿತು. ಸಂಜೆಯ ವೇಳೆಗೆ ದನಿ ನನ್ನದಾಗಿ ಉಳಿದಿರಲಿಲ್ಲ, ಅವರದೂ ಆಗಿರಲಿಲ್ಲ. ಸಿಟ್ಟಿನ ಮಾತನ್ನು ಎಲ್ಲಿ ನಿಲ್ಲಬೇಕೆಂದು ಎಣಿಸುತ್ತ ಹೇಳುತ್ತಿದ್ದೆ, ಅದರಲ್ಲಿ ಸಿಟ್ಟೇ ಇರಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿ ನಿಂತಾಗ ಕೋಟನೂರಿನ ನಟಿ ಕ್ರೇಟಿನ ಮೇಲೆ ಕುಳಿತದ್ದು ಕಣ್ಣಿಗೆ ಬಂತು. ನನ್ನ ಮುಂದೆ ಪರದೆಯ ಮೇಲೆ ಒಂದು ಮುಖವಾದರೂ ಇತ್ತು. ಆಕೆಯ ಮುಂದೆ ಅದೂ ಇರಲಿಲ್ಲ.

ಕಲಬುರಗಿಗೆ ಬಂದ ದಿನವೇ ಕಮಲಾಪುರಕ್ಕೆ ಹೋಗಿ ತಮ್ಮನಿಗೆ ಹೇಳಿದೆ, ತಂಗಿಯ ಪಾತ್ರದ ಮಾತುಗಳನ್ನು ಹೊಸದಾಗಿ ಬರೆಯುತ್ತೇನೆ ಎಂದು. ಅವನು ಗೊನೆ ಕಡಿಯುವ ಕುಡುಗೋಲನ್ನು ಕೆಳಗಿಟ್ಟ.

"ಅಂದ್ರ ಅಕ್ಕನ ಮಾತು ಅಳಿಸ್ತೀರಿ."

"ಆ ಮಾತು ಬ್ಯಾರೆಯವ್ರ ಬಾಯಾಗ ಕೂಡಂಗಿಲ್ಲಪಾ."

"ಕೂಡಸ್ರಿ. ನೀವ ಬರ್ದೋರಲ್ಲೇನು?"

"ನಾ ಬರ್ದದ್ದು ನಿಮ್ಮಕ್ಕನ ಎದಿಗೆ. ಆ ಎದಿ ಈಗಿಲ್ಲ."

ಅವನು ಕಡಿದಿಟ್ಟ ಗೊನೆಯೊಂದನ್ನು ಎತ್ತಿ ಸಾಲಿಗೆ ಒರಗಿಸಿದ. ಆಮೇಲೆ, "ಊರಿಗೆಲ್ಲಾ ಅಕ್ಕ ಮಾಡಿದ್ದನ್ನ ತೋರಸ್ತೀನಂತ ಹೇಳೀನಿ, ಮಾವಾರ. ಅವ್ವಗೂ ಹೇಳೀನಿ. ಆಕಿಗೆ ಈಗ ನಾ ಏನ್ ತೋರಸ್ಲಿ?" ಎಂದ. ಅವನು ಒಪ್ಪಿದ ಎನ್ನುವಂತಿಲ್ಲ. ತಡೆಯಲಿಲ್ಲ, ಅಷ್ಟೇ.

ಬರೆಯಲು ಕುಳಿತರೆ ಕೈ ಓಡಲಿಲ್ಲ. ಕೈಗೆ ತುಂಡು ಮಾತಿನ ರೂಢಿಯಾಗಿತ್ತು. ಏನು ಬರೆದರೂ ಮೂರು ಶಬ್ದಕ್ಕೆ ನಿಲ್ಲುತ್ತಿತ್ತು. ಕೊನೆಗೆ ಕೋಟನೂರಿಗೇ ಹೋದೆ. ನಟಿಯ ಮನೆಯ ಕಟ್ಟೆಯ ಮೇಲೆ ಕುಳಿತು, ನಾಟಕದ ಮಾತು ಬೇಡ, ಬೇರೆ ಏನಾದರೂ ಹೇಳು ತಂಗಿ ಎಂದೆ.

"ಏನ್ ಹೇಳ್ಲಿ?"

"ಏನರೆ. ಮುಂಜಾನಿಂದ ಏನಾತೋ ಅದ."

ಆಕೆ ಹೇಳಿದಳು. "ಏನ್ ಆಗ್ತದ್ರಿ ಸರ, ಬಾಜೂ ಮನಿ ಕಾಕೂ ಅದಾಳಲ್ಲ, ನಳ ಬಂದದ್ದ ತಡ ಎಂಟು ಕೊಡ ತಂದು ಸಾಲಕ್ ಇಟ್ಟಳು, ಯಾಕ್ ಕಾಕೂ ನಮಗ ಬಾಯಿಲ್ಲೇನು ಅಂದ್ರ, ನಿನಗ ಬಾಯಿ ಇದ್ದದ್ದು ಜಿಲ್ಲಾಕ್ಕೆಲ್ಲಾ ಗೊತ್ತದ, ದಿನಾ ಒಂದೂರಾಗ ತೆಗೀತಿ, ಕೊಡ ಇದ್ರ ಹೇಳು ಅಂತಾಳ, ಹಂಗಂದು ಮತ್ತ ತಾನಾ ನಕ್ಕೋತ ನನ್ನ ಕೊಡಾ ತುಂಬಿ ಕೊಟ್ಟಳ್ರಿ."

ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ನಕ್ಕಳು. ಆಕೆಯ ಮಾತು ಇಳಿಯುವಾಗಲೇ ಇನ್ನೊಂದು ಮಾತನ್ನು ಎತ್ತಿಕೊಂಡು ಏರುತ್ತಿತ್ತು. ಉಸಿರು ಮುಗಿಯುವ ಹೊತ್ತಿಗೆ ಮಾತು ಎಲ್ಲಕ್ಕಿಂತ ಎತ್ತರದಲ್ಲಿರುತ್ತಿತ್ತು. ನನ್ನ ಹೆಂಡತಿಯದು ಹಾಗಲ್ಲ, ಆರೋಗ್ಯವಿದ್ದಾಗಲೂ ಆಕೆ ಮಾತನ್ನು ಇಳಿಸಿ ಮುಗಿಸುತ್ತಿದ್ದಳು. ಇಬ್ಬರನ್ನೂ ಹೋಲಿಸುತ್ತ ಕುಳಿತಾಗ, ಆಕೆಯ ಆರೋಗ್ಯದ ದಿನಗಳ ದನಿ ನನಗೆ ಬಹಳ ದಿನಗಳ ಮೇಲೆ ನೆನಪಾಯಿತು. ಅಲ್ಲಿಯವರೆಗೆ ಕಾಯಿಲೆಯ ದನಿ ಅದರ ಮೇಲೆ ಕುಳಿತುಬಿಟ್ಟಿತ್ತು.

ಆಮೇಲೆ ಬರೆದೆ. ಹೊಸ್ತಿಲಿನ ಮಾತು ಹೀಗಾಯಿತು: "ಬಾಗಿಲಾ ತೆಗೀಬ್ಯಾಡೋ ಅಣ್ಣಾ, ನಿನ್ನ ಮನಿ ನಿನಗ ಇರ್ಲಿ, ನಾ ಒಳಗ ಬಂದ್ರ ನಿನ್ನ ಮಾನ ಹೋಗ್ತದಂದ್ರ ಈ ಕಟ್ಟಿ ಮ್ಯಾಲನ ಕೂಡ್ತೀನಿ, ಖರೇ ಅವ್ವನ ಕೈ ಹಿಡ್ದು ಆ ಕಿಟಕಿ ತನಕಾ ಕರ್ಕೊಂಡು ಬಾ, ಆಕಿಗೆ ನಾ ಕಾಣದಿದ್ರೂ ನನ್ನ ದನಿ ಕೇಳ್ತದ, ಇಡೀ ಸೀಮಿ ಕೇಳಿದ ದನಿ ಹಡದಾಕಿ ಕೇಳಬಾರ್ದೇನು?" ಹಳೆಯ ಮಾತುಗಳಲ್ಲಿ ಒಂದನ್ನಾದರೂ ಉಳಿಸಬೇಕೆಂದು ಹುಡುಕಿದೆ. ಯಾವುದನ್ನು ಇಟ್ಟರೂ ಅದು ಅಲ್ಲಿ ಕಲ್ಲಿನಂತೆ ಕೂಡುತ್ತಿತ್ತು. ಎಲ್ಲವನ್ನೂ ತೆಗೆದೆ. ತೀರಿಕೊಂಡ ಹೆಂಡತಿಯನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ಬಾರದ ಅಳು ಆ ಕೆಲಸ ಮಾಡುವಾಗ ಬಂತು.

ನಟಿ ಅದನ್ನು ಓದಿ ಒಂದೇ ಮಾತು ಹೇಳಿದಳು. "ಇದು ನನಗ ಆಗ್ತದ್ರಿ." ತಾಲೀಮು ಹಗುರಾಯಿತು. ಪೇಟಿ ಮಾಸ್ತರು ಸುರವನ್ನು ಮಾತಿನ ಕೆಳಗೆ ಹಾಸಿದರು, ಸಂದಿಗೆ ತುಂಬಲಿಲ್ಲ. "ಈಗ ಗಾಡಿ ಟಾಪ್ ಗೇರಿನಾಗ ಅದ, ಜರಾ ನಾವ ದಾರಿ ಬಿಡಬೇಕು" ಎಂದು ಡ್ರೈವರ್ ತನ್ನ ಎರಡು ಮಾತುಗಳನ್ನು ತಾನೇ ಬಿಟ್ಟುಕೊಟ್ಟ.

ನಾಟಕದ ದಿನ ಕಮಲಾಪುರದ ಶಾಲೆಯ ಮುಂದಿನ ಬಯಲಿನಲ್ಲಿ ಜನ ಸೇರಿದರು. ತಮ್ಮನೇ ತಾಯಿಯನ್ನು ಕೈ ಹಿಡಿದು ತಂದು ಮುಂದಿನ ಸಾಲಿನಲ್ಲಿ ಕೂಡಿಸಿದ. ಮೊದಲ ಅಂಕಗಳು ಚೆನ್ನಾಗಿ ಸಾಗಿದವು. ಕೊನೆಯ ಅಂಕದಲ್ಲಿ ಪರದೆ ಎದ್ದಾಗ ನಾನು ಬಾಗಿಲಿನ ಒಳಗೆ, ನಟಿ ಹೊರಗೆ. ಮಾತು ಶುರುವಾಯಿತು, ಏರಿತು, ಬಯಲಿನ ಕೊನೆಗೆ ನಿಂತ ಟೆಂಪೋಗಳವರೆಗೂ ಹೋಯಿತು. "ಹಡದಾಕಿ ಕೇಳಬಾರ್ದೇನು?" ಎಂದು ಆಕೆ ನಿಲ್ಲಿಸಿದಳು. ಈಗ ನನ್ನ ಮಾತು. ತಾಲೀಮಿನಲ್ಲಿ ಒಮ್ಮೆಯೂ ತಪ್ಪದೆ ಹೇಳಿದ್ದ ಮಾತು.

ನಾನು ಹೇಳಲಿಲ್ಲ. ಮಾತು ಮರೆತಿರಲಿಲ್ಲ, ನಾಲಿಗೆಯ ಮೇಲೇ ಇತ್ತು. ನನ್ನ ಮೈ ಮಾತ್ರ ಬೇರೊಂದು ಉಸಿರು ಮುಗಿಯಲಿ ಎಂದು ನಿಂತುಬಿಟ್ಟಿತ್ತು. ಜನ ನೋಡುತ್ತಿದ್ದರು. ಪೇಟಿ ಮಾಸ್ತರು ಕೈ ಎತ್ತಿ ಹಿಡಿದು ನನ್ನ ಮುಖ ನೋಡುತ್ತಿದ್ದರು. ಬದಿಯ ಪರದೆಯಿಂದ ಡ್ರೈವರ್ ನನ್ನ ಮಾತನ್ನು ಪಿಸುಗುಟ್ಟಿದ, ಕೇಳಿಸಿತು, ಆದರೂ ಬಾಯಿ ತೆರೆಯಲಿಲ್ಲ.

ಆಗ ನಟಿ ಹೊಸ್ತಿಲಿನ ಹತ್ತಿರ ಒಂದು ಹೆಜ್ಜೆ ಬಂದಳು. ನಾನು ಬರೆಯದ ಮಾತನ್ನು ಮೆಲ್ಲಗೆ ಕೇಳಿದಳು.

"ಯಾಕಣ್ಣಾ, ಮಾತಾಡವಲ್ಲಿ?"

"ಆಗವಲ್ದು ತಂಗಿ" ಎಂದೆ. ಅದೂ ನಾಟಕದಲ್ಲಿ ಇರಲಿಲ್ಲ. ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು.

ನಾಟಕ ಮುಗಿದು ಬಣ್ಣ ತೆಗೆಯುವ ಮೊದಲೇ ಕೆಳಗಿಳಿದು ಅತ್ತೆಯ ಹತ್ತಿರ ಹೋದೆ. ತಮ್ಮ ಆಕೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಅವ್ವಾ, ಅಕ್ಕ ಮಾಡಿದಂಗ ಆತೇನು?" ಎಂದು ಕೇಳುತ್ತಿದ್ದ. ಮಾತು ಬದಲಾಗಿದೆ ಎಂದು ಅವನು ಆಕೆಗೆ ಹೇಳಿರಲಿಲ್ಲ.

ಅತ್ತೆ ಅವನ ಮುಖ ನೋಡಿದಳು. "ನನಗೇನ್ ಗೊತ್ತೋ? ಆಕಿ ಮಾಡಿದ್ದು ನೋಡಾಕ ನನ್ನ ಯಾರರೆ ಬಿಟ್ಟಿದ್ರೇನು?" ಎಂದಳು. ಕೋಲು ಹಿಡಿದು ಎದ್ದು, ನಟಿಯನ್ನು ಕರೆಸಿಕೊಂಡು, ಬಣ್ಣದ ಗಲ್ಲವನ್ನು ಎರಡೂ ಕೈಯಿಂದ ಸವರಿ ಬೆರಳು ನೆಟಿಗೆ ಮುರಿದಳು. ತಮ್ಮ ಎದ್ದು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ನಾನೂ ಕೈ ಹಚ್ಚಿದೆ.

ಬಣ್ಣದ ಕೋಣೆಯಲ್ಲಿ ನಟಿ ಕೊಬ್ಬರಿಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದಳು.

"ಸರ, ಅಲ್ಲಿ ಮಾತು ಮರ್ತ್ರೇನು?"

"ಇಲ್ಲ ತಂಗಿ. ಕಾಯಾಕತ್ತಿದ್ದೆ."

ಆಕೆ ಬಟ್ಟೆಯ ಇನ್ನೊಂದು ಬದಿ ತಿರುವಿ ಕಿವಿಯ ಹಿಂದಿನ ಬಣ್ಣ ಒರೆಸಿದಳು. ಮುಂದಿನ ಪ್ರಯೋಗ ಚಿಂಚೋಳಿಯಲ್ಲಿತ್ತು.

"ಹಂಗಾದ್ರ ಅಲ್ಲಿನೂ ಕಾಯ್ರಿ" ಎಂದಳು. "ಎಷ್ಟೊತ್ತು ಬೇಕಾದ್ರೂ ಕಾಯ್ರಿ. ಯಾಕಣ್ಣಾ ಅಂತ ನಾ ಕೇಳ್ತೀನಲ್ಲ."